ವಾಡೆಯ ಒಡೆತನ: ಕುಂದಗೋಳದ ನಾಡಿಗೇರ ಮನೆ ಮತ್ತು ಧಾರವಾಡ ಸೀಮೆಯ ವತನದಾರ ಗೃಹಗಳು

ಧಾರವಾಡ ಸೀಮೆಯ ಹಳೆಯ ಊರುಗಳಲ್ಲಿ ಮನೆಯೊಂದರ ಒಡೆತನದ ಚರಿತ್ರೆಯನ್ನು ಶೋಧಿಸಹೊರಟ ಅಭ್ಯಾಸಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಊರಿನ ಬಾಯಲ್ಲಿ ಮನೆಗೆ ಒಂದು ಹೆಸರಿದ್ದರೆ ಪಂಚಾಯತಿಯ ಉತಾರದಲ್ಲಿ ಬೇರೊಂದು ಇರುತ್ತದೆ. ಉತಾರದಲ್ಲಿರುವುದು ವ್ಯಕ್ತಿಯ ಹೆಸರು. ತಲೆಮಾರು ಕಳೆದಂತೆ ಅದು ಬದಲಾಗುತ್ತದೆ, ಹಿಸ್ಸೆಯಾದಂತೆ ಒಂದು ಎರಡಾಗಿ ಎರಡು ನಾಲ್ಕಾಗುತ್ತದೆ. ಊರವರು ಹೇಳುವ ಹೆಸರಾದರೋ ಬಹುತೇಕ ಹುದ್ದೆಯದು: ದೇಸಾಯರ ವಾಡೆ, ದೇಶಪಾಂಡೆಯವರ ವಾಡೆ, ಗೌಡರ ಮನೆ, ಕುಲಕರ್ಣಿಯವರ ಮನೆ, ನಾಡಿಗೇರ ವಾಡೆ. ಆ ಹುದ್ದೆಗಳು ಇಲ್ಲವಾಗಿ ಅರ್ಧ ಶತಮಾನವೇ ಮೀರಿದ್ದರೂ ಮನೆಗಳ ಹೆಸರು ಬದಲಾಗಿಲ್ಲ. ಕುಂದಗೋಳದ ನಾಡಿಗೇರ ವಾಡೆ ಇದಕ್ಕೆ ಒಳ್ಳೆಯ ನಿದರ್ಶನ. ಹಿಂದೂಸ್ತಾನಿ ಸಂಗೀತದ ಚರಿತ್ರೆಯಲ್ಲಿ ಈ ಮನೆಗೆ ಒಂದು ಸ್ಥಾನ ದೊರೆತಿರುವುದರಿಂದ ನಾಡಿನಾಚೆಗೂ ಅದರ ಹೆಸರು ಪರಿಚಿತ. ಆದರೆ ಸಂಗೀತದ ಕಥೆಯನ್ನು ಹೇಳುವವರು ಮನೆಯನ್ನು ಹಿನ್ನೆಲೆಯ ಪರದೆಯಂತೆ ಬಳಸಿಕೊಂಡಿದ್ದಾರೆಯೇ ಹೊರತು, ಅಂಥದೊಂದು ಮನೆ ಯಾವ ಹಕ್ಕಿನಿಂದ ಯಾರದಾಗಿತ್ತು, ಅದರ ಹೊಸ್ತಿಲೊಳಗೆ ಯಾರಿಗೆ ಎಷ್ಟು ಪಾಲಿತ್ತು ಎಂಬ ಪ್ರಶ್ನೆಗಳನ್ನು ಎತ್ತಿಕೊಂಡಿಲ್ಲ.

ವಾಡೆ ಎಂಬುದು ಮರಾಠಿಯ ವಾಡಾ ಎಂಬುದರಿಂದ ಬಂದ ಮಾತು. ಆದರೆ ಈ ಭಾಗದ ಕನ್ನಡದಲ್ಲಿ ಅದಕ್ಕೆ ಒಂದು ವಿಶೇಷಾರ್ಥ ಕೂಡಿಕೊಂಡಿದೆ. ಎಷ್ಟೇ ದೊಡ್ಡದಾಗಿ ಕಟ್ಟಿಸಿದ್ದರೂ ವರ್ತಕನ ಮನೆಯನ್ನು ಸಾಮಾನ್ಯವಾಗಿ ವಾಡೆ ಎನ್ನುವುದಿಲ್ಲ. ಕಂದಾಯದ ಲೆಕ್ಕ ಕೂಡುವ, ಊರಿನ ನ್ಯಾಯ ತೀರುವ, ಹಬ್ಬದಲ್ಲಿ ಮೊದಲ ಮರ್ಯಾದೆ ಸಲ್ಲುವ ಮನೆಯೇ ವಾಡೆ. ನಾಡಿಗೇರ, ನಾಡಗೌಡ, ದೇಸಾಯಿ, ದೇಶಪಾಂಡೆ ಮುಂತಾದವು ಹಲವು ಹಳ್ಳಿಗಳ ಸಮೂಹಕ್ಕೆ ಸಂಬಂಧಪಟ್ಟ ವಂಶಪಾರಂಪರ್ಯದ ಹುದ್ದೆಗಳು. ಊರ ಮಟ್ಟದಲ್ಲಿ ಗೌಡ, ಕುಲಕರ್ಣಿಯರಿದ್ದಂತೆ ನಾಡಿನ ಮಟ್ಟದಲ್ಲಿ ಇವರು. ಹುದ್ದೆಗೆ ಪ್ರತಿಯಾಗಿ ಭೂಮಿ, ನಗದು ಹಕ್ಕು, ಮಾನಪಾನಗಳು ಸೇರಿ ವತನವೆನಿಸುತ್ತಿದ್ದವು. ರಾಜ್ಯಗಳು ಬದಲಾದಾಗ ವತನದಾರನು ಹಳೆಯ ಸನದನ್ನು ಹೊಸ ದೊರೆಯ ಮುಂದಿಟ್ಟು ಮತ್ತೊಂದನ್ನು ಪಡೆಯುತ್ತಿದ್ದನು. ವಿಜಾಪುರದ ಆದಿಲಶಾಹಿ, ಸವಣೂರಿನ ನವಾಬರು, ಪೇಶವೆಯರು, ಹೈದರ್–ಟಿಪ್ಪು, ಮತ್ತೆ ಪೇಶವೆಯರು, 1817–18ರ ನಂತರ ಕಂಪನಿ ಸರಕಾರ, ಹೀಗೆ ಕೈಬದಲಾಗುತ್ತಲೇ ಇದ್ದ ಈ ಸೀಮೆಯಲ್ಲಿ ಒಂದೇ ಕಡೆ ನೆಲೆಯೂರಿ ನಿಂತದ್ದು ದೊರೆಯಲ್ಲ, ವಾಡೆ. ಜನರು ಹುದ್ದೆಯ ಹೆಸರನ್ನು ಮನೆಗೆ ಅಂಟಿಸಿ ಮರೆಯದೆ ಉಳಿಸಿಕೊಂಡಿರುವುದರ ಕಾರಣವನ್ನು ಇಲ್ಲಿ ಕಾಣಬಹುದು.

ಕುಂದಗೋಳದ ಸಂದರ್ಭದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನವಲಗುಂದ, ಅಣ್ಣಿಗೇರಿ, ಕಲಘಟಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ ಕುಂದಗೋಳವು ಪಟವರ್ಧನರ ಜಮಖಂಡಿ ಸಂಸ್ಥಾನದ ಭಾಗವಾಗಿತ್ತು. ಈ ಪ್ರದೇಶದ ಅಂದಿನ ನಕಾಶೆ ಹರಿದ ಕೌದಿಯಂತಿತ್ತು. ಲಕ್ಷ್ಮೇಶ್ವರ ಹಿರಿಯ ಮಿರಜಿಗೆ, ಗುಡಗೇರಿ ಕಿರಿಯ ಮಿರಜಿಗೆ, ಶಿರಹಟ್ಟಿ ಸಾಂಗ್ಲಿಗೆ, ಸವಣೂರು ನವಾಬರಿಗೆ. ನಡುನಡುವೆ ಬ್ರಿಟಿಷರ ಹಳ್ಳಿಗಳು. ಜಮಖಂಡಿ ಪಟ್ಟಣ ಕುಂದಗೋಳದಿಂದ ಬಹುದೂರ, ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿದೆ. ದೊರೆಯ ಅರಮನೆ ಅಷ್ಟು ದೂರದಲ್ಲಿದ್ದಾಗ ಊರಿನ ಜನರಿಗೆ ಕಣ್ಣೆದುರಿನ ಪ್ರಭುತ್ವವೆಂದರೆ ವಾಡೆಯೇ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸಾಗುವ ರೈಲುಮಾರ್ಗದಲ್ಲಿ ಕುಂದಗೋಳಕ್ಕೆ ನಿಲ್ದಾಣ ದೊರೆತ ಮೇಲಂತೂ ಈ ಊರು ಸಂಸ್ಥಾನದ ರಾಜಧಾನಿಗಿಂತ ಬ್ರಿಟಿಷರ ಹುಬ್ಬಳ್ಳಿಗೇ ಹತ್ತಿರವಾಯಿತು. ಮುಂದೆ ಈ ಮನೆಯ ಪಾಲಿಗೆ ರೈಲು ಎಷ್ಟು ಮುಖ್ಯವಾಯಿತೆಂಬುದನ್ನು ಮೇಲೆ ನೋಡಬಹುದು.

ಬ್ರಿಟಿಷ್ ಭಾಗದಲ್ಲಿ ವತನದ ಹಕ್ಕು ಒಡೆತನವಾಗಿ ಮಾರ್ಪಟ್ಟ ಬಗೆಯನ್ನು ಮೊದಲು ಹೇಳಿ ಮುಂದುವರಿಯುವುದು ಒಳಿತು. ಅದರ ನೆರಳು ಸುತ್ತಲಿನ ಸಂಸ್ಥಾನಗಳ ಮೇಲೂ ಬಿದ್ದಿತ್ತು. ದಕ್ಷಿಣ ಮರಾಠಾ ಪ್ರದೇಶದಲ್ಲಿ 1843ರಿಂದ ಇನಾಮುಗಳ ತನಿಖೆ ನಡೆಯಿತು. 1852ರ ಹನ್ನೊಂದನೆಯ ಕಾಯಿದೆ ಇನಾಮ ಆಯೋಗಕ್ಕೆ ಶಾಸನದ ಬಲ ನೀಡಿತು. ಮನೆಯ ಪೆಟ್ಟಿಗೆಯಲ್ಲಿದ್ದ ಮೋಡಿ ಲಿಪಿಯ ಕಾಗದಗಳು, ಸನದು, ಮಹಜರುಗಳು ಒಮ್ಮೆಗೇ ಪುರಾವೆಗಳಾದವು. ಕಾಗದ ತೋರಿಸಲಾರದವನು ಕಳೆದುಕೊಂಡನು. ತಲೆತಲಾಂತರದ ಅನುಭೋಗ, ನೆರೆಯವರ ಸಾಕ್ಷಿ, ದೇವರ ಮುಂದಿನ ಪ್ರಮಾಣ ಇವುಗಳನ್ನು ನಂಬಿದ್ದ ಸಮಾಜ ಕಾಗದವನ್ನು ನಂಬುವ ಸರಕಾರದೆದುರು ನಿಂತಿತು. ದತ್ತಕದ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿತ್ತು. ನರಗುಂದದ ಬಾಬಾಸಾಹೇಬ ಭಾವೆಗೆ ದತ್ತಕದ ಅನುಮತಿ ನಿರಾಕರಿಸಿದ್ದು, 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಮ್ಯಾನ್ಸನ್ ಹತನಾದದ್ದು, ಜೂನ್ ತಿಂಗಳಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು ಎಲ್ಲರೂ ಬಲ್ಲ ಸಂಗತಿಗಳು. ಆ ದಂಗೆಯನ್ನು ರಾಜಕೀಯ ಚರಿತ್ರೆಯಾಗಿ ಓದುವುದು ರೂಢಿ. ಮನೆಯ ಮುಂದಿನ ಯಜಮಾನ ಯಾರೆಂದು ನಿರ್ಧರಿಸುವ ಹಕ್ಕು ಮನೆಯವರದೋ ಸರಕಾರದ್ದೋ ಎಂಬ ಪ್ರಶ್ನೆಯೂ ಅದರ ಬುಡದಲ್ಲಿತ್ತು.

ದಂಗೆಯ ನಂತರ ಸರಕಾರ ಮೆದುವಾಯಿತು. 1863ರ ಸಮರಿ ಸೆಟಲ್‌ಮೆಂಟ್ ಕಾಯಿದೆಗಳು, 1864ರಲ್ಲಿ ಗಾರ್ಡನ್ ಹೆಸರಿನಲ್ಲಿ ಪ್ರಸಿದ್ಧವಾದ ಒಪ್ಪಂದ ಇವುಗಳ ಮೂಲಕ ದೇಸಾಯಿ, ದೇಶಪಾಂಡೆ ಮುಂತಾದವರನ್ನು ಸೇವೆಯಿಂದ ಬಿಡುಗಡೆ ಮಾಡಿ, ಜೂಡಿ ಸಲ್ಲಿಸುತ್ತ ಭೂಮಿಯನ್ನು ಉಣ್ಣಲು ಬಿಡಲಾಯಿತು. ಇದು ಬಹುದೊಡ್ಡ ಪಲ್ಲಟ. ಅಲ್ಲಿಯವರೆಗೆ ಕೆಲಸಕ್ಕಾಗಿ ಭೂಮಿ ಇತ್ತು. ಇನ್ನು ಕೆಲಸವಿಲ್ಲದೆ ಭೂಮಿ ಉಳಿಯಿತು. ಲೆಕ್ಕ ಕೂಡುವ, ನ್ಯಾಯ ತೀರುವ ವಾಡೆಯ ಪಡಸಾಲೆಗೆ ಕೆಲಸವಿಲ್ಲದಂತಾಯಿತು. ಸಂಗೀತಕ್ಕೆ ಅಲ್ಲಿ ಜಾಗ ದೊರೆತದ್ದಕ್ಕೂ ಈ ಬಿಡುವಿಗೂ ಸಂಬಂಧವಿದೆಯೆಂದರೆ ಉತ್ಪ್ರೇಕ್ಷೆಯಾಗಲಾರದು. ಕಚೇರಿ ಎಂಬ ಶಬ್ದಕ್ಕೆ ಸರಕಾರಿ ದಫ್ತರವೆಂಬ ಅರ್ಥದೊಡನೆ ಸಂಗೀತದ ಬೈಠಕ್ಕೆಂಬ ಅರ್ಥವೂ ಇರುವುದನ್ನು ಇಲ್ಲಿ ನೆನೆಯಬಹುದು.

1874ರ ಮುಂಬಯಿ ಆನುವಂಶಿಕ ಹುದ್ದೆಗಳ ಕಾಯಿದೆ, ಅಂದರೆ ಜನರ ಮಾತಿನಲ್ಲಿ ವತನ ಕಾಯಿದೆ, ಈ ಆಸ್ತಿಗೆ ಬೇಲಿ ಹಾಕಿತು. ಸರಕಾರದ ಅನುಮತಿಯಿಲ್ಲದೆ ವತನದಾರನು ತನ್ನ ವತನವನ್ನು ಅದೇ ವತನಕ್ಕೆ ಸೇರದವನಿಗೆ ತನ್ನ ಜೀವಿತಾವಧಿಯನ್ನು ಮೀರಿ ಒತ್ತೆಯಿಡುವಂತಿಲ್ಲ, ಪರಭಾರೆ ಮಾಡುವಂತಿಲ್ಲ ಎಂದು ಅದರ ಐದನೆಯ ಕಲಮು ಹೇಳುತ್ತದೆ. ಸಾಲಗಾರರ ಬಾಯಿಂದ ಹಳೆಯ ಮನೆತನಗಳನ್ನು ಉಳಿಸಿದ್ದು ಬಹುಮಟ್ಟಿಗೆ ಈ ಕಲಮು. ಆದರೆ ಇದೇ ಕಾಯಿದೆಗೆ 1886ರಲ್ಲಿ ಬಂದ ತಿದ್ದುಪಡಿಯನ್ನು ಅಭ್ಯಾಸಿಗಳು ಅಷ್ಟಾಗಿ ಗಮನಿಸಿಲ್ಲ. ಕೊನೆಯ ಪುರುಷ ಒಡೆಯನ ವಿಧವೆಯನ್ನು ಬಿಟ್ಟು, ವತನ ಕುಟುಂಬದ ಉಳಿದೆಲ್ಲ ಹೆಣ್ಣುಮಕ್ಕಳು ವಾರಸಿಕೆಯ ಸಾಲಿನಲ್ಲಿ ಅರ್ಹ ಗಂಡಸರೆಲ್ಲರ ಹಿಂದೆ ನಿಲ್ಲಬೇಕೆಂದು ಅದು ವಿಧಿಸಿತು. ತೀರಿಕೊಂಡವನಿಗೆ ಮಗಳೊಬ್ಬಳೇ ಇದ್ದರೂ, ಹಿಂದಿನ ಯಾವುದೋ ತಲೆಮಾರಿನಲ್ಲಿ ಕವಲೊಡೆದ ದಾಯಾದಿ ಆಕೆಗಿಂತ ಮುಂದಾದನು. ಈ ಬಗೆಯ ಪುರುಷಪ್ರಾಶಸ್ತ್ಯವನ್ನು ನಮ್ಮ ಪುರಾತನ ಸಂಪ್ರದಾಯದ ಲೆಕ್ಕಕ್ಕೆ ಹಚ್ಚುವ ರೂಢಿಯಿದೆ. ಕನಿಷ್ಠಪಕ್ಷ ಇದರ ಈ ಬಿಗಿಯಾದ ರೂಪವು ಮುಂಬಯಿ ಸರಕಾರ ಒಂದು ನಿರ್ದಿಷ್ಟ ವರ್ಷದಲ್ಲಿ ಬರೆದ ಶಾಸನದ ಫಲ.

ಗಂಡುಮಕ್ಕಳ ನಡುವಿನ ಪಾಲಿನ ಪ್ರಶ್ನೆ ಬೇರೆಯ ದಾರಿ ಹಿಡಿಯಿತು. ದೇಸಗತಿಗಳು ರಾಜ್ಯದಂತೆ, ಹಿರಿಯ ಮಗನಿಗೇ ಸಲ್ಲತಕ್ಕವು, ಒಡೆಯಬಾರದವು ಎಂಬ ವಾದ ಪ್ರಬಲವಾಗಿತ್ತು. ಅದೃಶ್ಯಪ್ಪ ಮತ್ತು ಗುರುಸಿದ್ಧಪ್ಪ ಎಂಬ ಸೋದರರ ನಡುವಿನ ವ್ಯಾಜ್ಯದಲ್ಲಿ 1880ರಲ್ಲಿ ಪ್ರಿವಿ ಕೌನ್ಸಿಲ್ ಈ ವಾದವನ್ನು ಸಾಮಾನ್ಯ ನಿಯಮವಾಗಿ ಒಪ್ಪಲಿಲ್ಲ; ಒಡೆಯಬಾರದೆಂಬ ರೂಢಿಯಿದೆಯೆನ್ನುವವನೇ ಅದನ್ನು ಸಿದ್ಧಪಡಿಸಬೇಕೆಂದಿತು. ಅಲ್ಲಿಂದ ಮುಂದೆ ಮನೆಗಳು ಒಡೆಯುವುದಕ್ಕೆ ಕಾನೂನಿನ ಹಾದಿ ಸುಗಮವಾಯಿತು.

ಮನೆ ಹೇಗೆ ಒಡೆಯುತ್ತದೆ ಎಂಬುದನ್ನು ತಿಳಿಯಲು ಈ ಭಾಗದ ಮನೆಯ ರಚನೆಯನ್ನು ಅರಿಯಬೇಕಾಗುತ್ತದೆ. ಧಾರವಾಡ ಸೀಮೆಯ ಕರಿಮಣ್ಣಿನ ಊರುಗಳಲ್ಲಿ ಮನೆಯನ್ನು ಅಳೆಯುವ ಮಾನ ಅಂಕಣ. ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಎಡೆ ಒಂದು ಅಂಕಣ. ಇಷ್ಟು ಅಂಕಣದ ಮನೆ ಎಂದರೆ ಅದರ ಯೋಗ್ಯತೆ ತಿಳಿಯುತ್ತದೆ. ವಾಟ್ನಿ ಪತ್ರಗಳಲ್ಲಿ ಹಿಸ್ಸೆಯೂ ಅಂಕಣದ ಲೆಕ್ಕದಲ್ಲೇ ಆಗುತ್ತದೆ: ಹಿರಿಯನಿಗೆ ಬೀದಿಯ ಕಡೆಯ ಅಂಕಣಗಳು, ಕಿರಿಯನಿಗೆ ಹಿತ್ತಲ ಕಡೆಯವು, ನಡುವೆ ಒಂದು ಗೋಡೆ. ದೊಡ್ಡ ಬಾಗಿಲು, ಬಾವಿ, ದೇವರ ಮನೆ, ಹಾಯುವ ದಾರಿಗಳು ಮಾತ್ರ ಸಮಾಯಿಕವೆಂದು ಉಳಿಯುತ್ತವೆ. ಹಗೇವುಗಳ ಪಾಲು ಬೇರೆ. ನೆಲದೊಳಗೆ ತೋಡಿ ಜೋಳ ತುಂಬಿಡುವ ಈ ಕಣಜಗಳು ಯಾರ ಅಂಕಣದ ಕೆಳಗಿವೆಯೆಂಬುದಕ್ಕಿಂತ ಬಾಯಿ ಯಾವ ಕಡೆಗಿದೆಯೆಂಬುದು ಮುಖ್ಯ, ತೆರೆಯುವವನಿಗೆ ಒಡೆತನ. ಮೇಲೆ ನೋಡಿದರೆ ಮಣ್ಣಿನ ಮಾಳಿಗೆ ಒಂದೇ. ಮಳೆಗಾಲಕ್ಕೆ ಮುನ್ನ ಅದರ ಮೇಲೆ ಹೊಸ ಮಣ್ಣು ಹಾಕಿ ಬಡಿಯದಿದ್ದರೆ ಸೋರುತ್ತದೆ. ಗೋಡೆ ಹಾಕಿ ಮನೆಯನ್ನು ಒಡೆಯಬಹುದು, ಮಾಳಿಗೆಯನ್ನು ಒಡೆಯಲು ಬರುವುದಿಲ್ಲ. ಒಬ್ಬನ ಪಾಲಿನ ಮಾಳಿಗೆ ಸೋರಿ ಇನ್ನೊಬ್ಬನ ಜಂತಿ ಕೊಳೆತದ್ದಕ್ಕೆ ಹುಟ್ಟಿದ ಮನಸ್ತಾಪಗಳು ಈ ಸೀಮೆಯ ದಾಯಾದಿ ಕಥನಗಳಲ್ಲಿ ಒಂದು ಸ್ಥಾಯಿ ಪ್ರಸಂಗ.

ಮನೆಯ ರಚನೆಯೊಳಗೆ ಒಡೆತನಕ್ಕೆ ಸೇರದ ಹಕ್ಕುಗಳೂ ಅಡಗಿದ್ದವು. ಬಡಿಗೇರ, ಕಂಬಾರ, ಅಗಸ, ಹಡಪದ, ತಳವಾರ, ವಾಲೀಕಾರ ಮೊದಲಾದ ಆಯಗಾರರು ಸುಗ್ಗಿಯಲ್ಲಿ ಆಯ ಪಡೆದು ವರ್ಷವಿಡೀ ದುಡಿಯುತ್ತಿದ್ದರು. ಬಾಗಿಲ ತಿರುಗಣಿ ಸವೆದರೆ ಬಡಿಗೇರನನ್ನು ಹಣ ಕೊಟ್ಟು ಕರೆಸಬೇಕಿರಲಿಲ್ಲ. ಪ್ರತಿಯಾಗಿ ಮದುವೆ ಮುಂಜಿ, ಹಬ್ಬಹುಣ್ಣಿಮೆಗಳಲ್ಲಿ ಅವರಿಗೆ ಸಲ್ಲಬೇಕಾದುದನ್ನು ತಪ್ಪಿಸಿದರೆ ಕೇಳುವ ಹಕ್ಕು ಅವರಿಗಿತ್ತು. ಆದರೆ ಯಾರು ಎಲ್ಲಿಯವರೆಗೆ ಬರಬಹುದೆಂಬ ಕಟ್ಟು ಅಷ್ಟೇ ಬಿರುಸಾಗಿತ್ತು. ಕೆಲವರಿಗೆ ದೊಡ್ಡ ಬಾಗಿಲ ಹೊರಗಿನ ಕಟ್ಟೆಯೇ ಕೊನೆ, ಕೆಲವರಿಗೆ ಒಳಗಿನ ಅಂಗಳ, ಕೆಲವರಿಗೆ ಪಡಸಾಲೆ. ಅಡುಗೆಮನೆ, ದೇವರ ಮನೆಗಳಿಗೆ ಮನೆಯವರು ಮಾತ್ರ. ಜಾತಿಯ ಏಣಿಯನ್ನು ನೆಲದ ಮೇಲೆ ಮಲಗಿಸಿದಂತಿದ್ದ ಈ ವ್ಯವಸ್ಥೆಯನ್ನು ಬರಿಯ ವಾಸ್ತುಸೌಂದರ್ಯವೆಂದು ಹೊಗಳುವ ಬರಹಗಳು ಅರ್ಧಸತ್ಯವನ್ನಷ್ಟೇ ಹೇಳುತ್ತವೆ.

ಮನೆಮಗಳ ಹಕ್ಕು ಇವೆಲ್ಲಕ್ಕಿಂತ ವಿಚಿತ್ರವಾದುದು. ಕಾಗದದಲ್ಲಿ ಆಕೆಗೆ ಒಂದು ಅಂಕಣವೂ ಇರಲಿಲ್ಲ. ಆದರೆ ನಾಗರಪಂಚಮಿಗೆ ಅಣ್ಣ ಕರೆಯಲು ಬರಬೇಕು, ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಹೋಗುವಾಗ ಉಡಿ ತುಂಬಬೇಕು, ಸೀರೆ ಕುಪ್ಪಸ ಸಲ್ಲಬೇಕು. ಬೀಸುವ ಹಾಡುಗಳಲ್ಲಿ ತವರುಮನೆಗೆ ದೊರೆತಷ್ಟು ಜಾಗ ಮತ್ತಾವ ಮನೆಗೂ ದೊರೆತಿಲ್ಲ. ಆ ಹಾಡುಗಳನ್ನು ವಾತ್ಸಲ್ಯದ ಹಾಡುಗಳೆಂದು ವಿಂಗಡಿಸುವುದು ಜಾನಪದ ಸಂಗ್ರಹಗಳ ರೂಢಿ. ಆಸ್ತಿಯ ಚರಿತ್ರೆಯ ಪಕ್ಕದಲ್ಲಿಟ್ಟು ಕೇಳಿದರೆ ಅವುಗಳಲ್ಲಿ ಬೇರೊಂದು ದನಿಯೂ ಕೇಳುತ್ತದೆ. ಅಣ್ಣ ಕರೆಯಲು ಬಂದಾನೋ ಇಲ್ಲವೋ, ಅತ್ತಿಗೆ ಮುಖ ಮುರಿದಾಳೋ ಎಂಬ ಆತಂಕ, ಪಾಲಿಲ್ಲದ ಮನೆಯಲ್ಲಿ ಸ್ಥಾನವನ್ನು ವರ್ಷಕ್ಕೊಮ್ಮೆ ಹೊಸದಾಗಿ ಗಿಟ್ಟಿಸಿಕೊಳ್ಳಬೇಕಾದವಳ ಆತಂಕ. ಅದು ಹಕ್ಕುದಾರಳ ಭಾಷೆಯೇ. ಕೋರ್ಟಿನಲ್ಲಿ ನಡೆಯದ್ದರಿಂದ ಬೀಸುಕಲ್ಲಿನ ಮುಂದೆ ನಡೆಯಿತು.

ಇನ್ನು ಕುಂದಗೋಳದ ವಾಡೆಗೆ ಬರಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಂಗನಗೌಡ ನಾಡಿಗೇರರು ಅದರ ಯಜಮಾನರು. ಅವರಲ್ಲಿ ಗುಮಾಸ್ತರಾಗಿದ್ದ ಗಣೇಶ ಸಂಶಿಯವರ ಮಗ ರಾಮಚಂದ್ರ ಹುಟ್ಟಿದ್ದು 1886ರಲ್ಲಿ. ಹುಡುಗ ಕುಂದಗೋಳದಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಲ್ಯಾಮಿಂಗ್ಟನ್ ಶಾಲೆಯಲ್ಲಿ ಓದುತ್ತಿದ್ದನು. ಓದಿಗಿಂತ ಹಾಡು ಅವನನ್ನು ಎಳೆಯಿತು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಈ ಭಾಗದಲ್ಲಿ ಸಂಚರಿಸುವಾಗ ನಾಡಿಗೇರರ ಆತಿಥ್ಯ ಪಡೆಯುತ್ತಿದ್ದರು. ಗುಮಾಸ್ತರ ಮಗ ಅವರ ಶಿಷ್ಯನಾದನು. ಮುಂದೆ ಮರಾಠಿ ರಂಗಭೂಮಿ ಅವನನ್ನು ರಾಮಭಾವು ಕುಂದಗೋಳಕರನೆಂದು ಕರೆಯಿತು. ಸವಾಯಿ ಗಂಧರ್ವರೆಂಬ ಬಿರುದು ಹೆಸರನ್ನೇ ಮರೆಸಿತು. ಹೆಸರುಗಳ ಈ ಪಯಣ ಕುತೂಹಲಕರವಾಗಿದೆ. ಸಂಶಿ ಕುಂದಗೋಳ ತಾಲೂಕಿನ ಒಂದು ಹಳ್ಳಿ. ಹಳ್ಳಿಯ ಹೆಸರು ಹೋಗಿ ಊರಿನ ಹೆಸರು ಬಂತು, ಅದೂ ಹೋಗಿ ಬಿರುದು ಉಳಿಯಿತು. ವಾಡೆಯ ಹೆಸರು ಮಾತ್ರ ಹುದ್ದೆಯದಾಗಿಯೇ ನಿಂತಿತು. ಇಂದು ಆ ವಾಡೆಯನ್ನು ಹೊರಗಿನವರು ಅರಿತಿರುವುದು ಅಲ್ಲಿ ಲೆಕ್ಕ ಬರೆಯುತ್ತಿದ್ದವರ ಮಗನಿಂದಾಗಿ.

ಸವಾಯಿ ಗಂಧರ್ವರು ನಾಟಕ ಕಂಪನಿಗಳನ್ನು ಬಿಟ್ಟು ಕುಂದಗೋಳದಲ್ಲಿ ನೆಲೆಸಿದ ಮೇಲೆ ಶಿಷ್ಯರು ಅಲ್ಲಿಗೆ ಬಂದರು. 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲಕನಾಗಿ ಬಂದು ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಜಮಖಂಡಿಯ ದೊರೆಯ ಊರಿಗೆ ಹುಬ್ಬಳ್ಳಿಯ ಗಾಯಕಿ ದಿನವೂ ಬಂದುಹೋಗುವುದು ಸಾಧ್ಯವಾದದ್ದು ರೈಲಿನಿಂದ. ಗುರುವಿನ ಮನೆ ಬೇರೆ, ನಾಡಿಗೇರ ವಾಡೆ ಬೇರೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಜನಪ್ರಿಯ ಬರಹಗಳಲ್ಲಿ ಇವೆರಡೂ ಕಲಸಿಹೋಗಿವೆ. ಪಾಠ ನಡೆದದ್ದು ಗುರುವಿನ ಮನೆಯಲ್ಲಿ. ವಾಡೆ ಆಶ್ರಯದ, ಬೈಠಕ್ಕುಗಳ ಮನೆ. 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ತೀರಿಕೊಂಡರು. ಪುಣೆಯಲ್ಲಿ 1953ರಿಂದ ಭೀಮಸೇನರು ನಡೆಸಿದ ಪುಣ್ಯತಿಥಿ ಮುಂದೆ ಸಾವಿರಾರು ಜನರ ಮಹೋತ್ಸವವಾಯಿತು. ಕುಂದಗೋಳದಲ್ಲಿ ಅದು ನಾಡಿಗೇರ ವಾಡೆಯೊಳಗೆ, ಹಗಲಿರುಳಿನ ಆಹೋರಾತ್ರಿ ಸಂಗೀತವಾಗಿ ದಶಕಗಳ ಕಾಲ ನಡೆದುಬಂದಿದೆ. ನಾಡಿಗೇರ ಮನೆತನದ ನಾನಾಸಾಹೇಬರ ಆಸ್ಥೆಯನ್ನು ಸಂಗೀತಗಾರರು ಕೃತಜ್ಞತೆಯಿಂದ ನೆನೆದಿದ್ದಾರೆ.

ವಾಡೆಯ ಹೊಸ್ತಿಲುಗಳ ಕ್ರಮವನ್ನು ಹಿಂದೆ ಹೇಳಿದೆ. ಆ ಹಿನ್ನೆಲೆಯಲ್ಲಿ ಈ ಬೈಠಕ್ಕುಗಳನ್ನು ನೋಡಿದರೆ ಅವುಗಳ ಸಾಮಾಜಿಕ ಅರ್ಥ ಹೊಳೆಯುತ್ತದೆ. ಮುಸಲ್ಮಾನ ಉಸ್ತಾದರು ಪಡಸಾಲೆಯ ನಡುವೆ, ಎತ್ತರದ ಜಾಗದಲ್ಲಿ ಕುಳಿತರು. ಗಂಗೂಬಾಯಿಯವರ ಆತ್ಮಕಥೆ ‘ನನ್ನ ಬದುಕಿನ ಹಾಡು’ ಓದಿದವರಿಗೆ, ಗಾಯಕಿಯ ಮಗಳಾಗಿ ಧಾರವಾಡದ ಓಣಿಗಳಲ್ಲಿ ಬೆಳೆದವರು ಅನುಭವಿಸಿದ ಅವಮಾನಗಳು ತಿಳಿದಿವೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತ ಗೀತೆ ಹಾಡಿದ ಬಾಲಕಿಗೆ, ಊಟಕ್ಕೆ ತನ್ನನ್ನು ಬೇರೆ ಕೂಡಿಸುವರೇನೋ ಎಂಬ ಅಳುಕು ಕಾಡಿತ್ತು. ಆ ಗಾಯಕಿ ಮುಂದೆ ವತನದಾರರ ವಾಡೆಯಲ್ಲಿ ಕುಳಿತು ಬೆಳಗಿನವರೆಗೆ ನೆರೆದ ಊರ ಜನರೆದುರು ಗುರುವಿಗೆ ಸೇವೆ ಸಲ್ಲಿಸಿದರು. ಸಂಗೀತ ಪಡಸಾಲೆಯನ್ನು ತೆರೆಯಿತು. ಇದನ್ನು ಕ್ರಾಂತಿಯೆಂದು ಕರೆಯಬೇಕಿಲ್ಲ. ಪಡಸಾಲೆಯಿಂದ ಒಳಗಿನ ಬಾಗಿಲುಗಳ ಮಾತೇ ಬೇರೆ. ಆದರೂ ದೊಡ್ಡ ಬಾಗಿಲನ್ನು ವರ್ಷಕ್ಕೊಮ್ಮೆ ಎಲ್ಲರಿಗೂ ತೆರೆಯುವ ರೂಢಿ ಬೆಳೆದಾಗ, ಪ್ರವೇಶವೆಂಬುದೇ ಊರಿನ ಒಂದು ಬಗೆಯ ಹಕ್ಕಾಗಿ ಪರಿಣಮಿಸುತ್ತದೆ.

ಈ ರೂಢಿ ಬೆಳೆಯುತ್ತಿದ್ದ ವರ್ಷಗಳಲ್ಲೇ ವಾಡೆಯ ಕಾಲ ಕೆಳಗಿನ ನೆಲ ಸರಿಯುತ್ತಿತ್ತು. 1948ರ ಮಾರ್ಚ್ 8ರಂದು ಜಮಖಂಡಿ ಮೊದಲಾದ ದಖನ್ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಕುಂದಗೋಳ ಧಾರವಾಡ ಜಿಲ್ಲೆಗೆ ಸೇರಿತು. ಮುಂಬಯಿ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯಿದೆ 1950ರಲ್ಲಿ ಅಂಗೀಕಾರವಾಗಿ 1951ರ ಮೇ 1ರಿಂದ ಜಾರಿಗೆ ಬಂತು. ಹುದ್ದೆ, ಅದರೊಡನಿದ್ದ ಹಕ್ಕುಬಾಧ್ಯತೆಗಳು ಇಲ್ಲವಾದವು; ಭೂಮಿಯನ್ನು ನಿಗದಿತ ಕಿಮ್ಮತ್ತು ತುಂಬಿ ಮರುಮಂಜೂರಿ ಪಡೆಯಬೇಕಾಯಿತು. 1956ರ ನವೆಂಬರ್ 1ರಂದು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಬಂತು. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿಯನ್ನು ತೊಡೆದುಹಾಕಿತು, ಉಳುವವನು ಒಡೆಯನಾದನು. ಶತಮಾನಗಳ ಅನ್ಯಾಯವೊಂದು ಸರಿಹೋದದ್ದು ಹೀಗೆ. ಅದರ ಬಗೆಗೆ ಎರಡು ಮಾತಿಲ್ಲ. ಮನೆಯ ದೃಷ್ಟಿಯಿಂದ ನೋಡಿದರೆ ಆದದ್ದಿಷ್ಟು: ಭೂಮಿ, ಹುದ್ದೆ, ಮನೆ ಎಂಬ ಮೂರೆಳೆಯ ಹಗ್ಗದಲ್ಲಿ ಎರಡು ಎಳೆ ಹೋಗಿ ಮನೆಯೊಂದೇ ಉಳಿಯಿತು. ಹಗೇವು ತುಂಬಿಸುತ್ತಿದ್ದ ಗೇಣಿ ಜೋಳ ನಿಂತಿತು. ಆಯ ಕೊಡುವ ಧಾನ್ಯವಿಲ್ಲವಾದಾಗ ಆಯಗಾರರ ಬಾಧ್ಯತೆಯೂ ಮುಗಿಯಿತು. ತೊಲೆ ಬದಲಿಸಲು, ಮಾಳಿಗೆಗೆ ಮಣ್ಣು ಹಾಕಲು ಇನ್ನು ರೊಕ್ಕವೇ ಬೇಕು. ಕಾಯಿದೆಗಳು ವಾಡೆಯನ್ನು ಮುಟ್ಟಲಿಲ್ಲ, ಅದು ಮನೆತನದ ಪಿತ್ರಾರ್ಜಿತ ವಾಸಗೃಹವಾಗಿ ಉಳಿಯಿತು. ಆದರೆ ಅದನ್ನು ನಿಲ್ಲಿಸಿದ್ದ ಆರ್ಥಿಕತೆಯನ್ನು ಮುಟ್ಟಿದವು. ಧಾರವಾಡ ಸೀಮೆಯಲ್ಲಿ ಇಂದು ಕುಸಿಯುತ್ತಿರುವ ವಾಡೆಗಳಲ್ಲಿ ಬಹಳಷ್ಟು ಕುಸಿಯತೊಡಗಿದ್ದು ಈ ಅವಧಿಯಿಂದಲೇ.

ಮನೆಯೊಳಗಿನ ಕಾನೂನೂ ಬದಲಾಗುತ್ತಿತ್ತು, ಬಹಳ ನಿಧಾನವಾಗಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮಗಳಿಗೆ ತಂದೆಯ ಪಾಲಿನಲ್ಲಿ ವಾರಸಿಕೆ ಕೊಟ್ಟಿತು. ಆದರೆ ಅದರ 23ನೆಯ ಕಲಮು ವಾಸದ ಮನೆಯನ್ನು ಬೇರೆಯಾಗಿಟ್ಟಿತು. ಕುಟುಂಬವೇ ವಾಸವಾಗಿರುವ ಮನೆಯಲ್ಲಿ ಗಂಡು ವಾರಸುದಾರರು ತಾವಾಗಿ ಹಿಸ್ಸೆ ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಹಿಸ್ಸೆ ಕೇಳುವಂತಿಲ್ಲ. ಅವಿವಾಹಿತೆ, ಗಂಡ ಬಿಟ್ಟವಳು ಅಥವಾ ಗಂಡನಿಂದ ಬೇರೆಯಾದವಳು, ವಿಧವೆ ಇಂಥ ಮಗಳಿಗೆ ಮಾತ್ರ ಅಲ್ಲಿ ವಾಸಿಸುವ ಹಕ್ಕು. ಹೊಲದಲ್ಲಿ ಪಾಲು ಕೇಳಬಹುದಾದವಳು ಹುಟ್ಟಿದ ಮನೆಯಲ್ಲಿ ಕೇಳಲಾರಳು. 1886ರ ಶಾಸನದ ಜೀವ ಹೀಗೆ ಸ್ವತಂತ್ರ ಭಾರತದಲ್ಲೂ ಬೇರೊಂದು ಮೈ ಹೊಕ್ಕು ಉಳಿದಿತ್ತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಮಗಳನ್ನು ಸಹದಾಯಾದಳನ್ನಾಗಿಸಿತು, ಅದೂ ಅದಕ್ಕೂ ಮೊದಲು ಮದುವೆಯಾಗದಿದ್ದವರನ್ನು ಮಾತ್ರ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಆ ಭೇದವನ್ನು ತೆಗೆಯಿತು, 23ನೆಯ ಕಲಮನ್ನೂ ಕಿತ್ತುಹಾಕಿತು. ಆ ದಿನ ತಂದೆ ಬದುಕಿರಲಿ, ಇಲ್ಲದಿರಲಿ, ಹುಟ್ಟಿನಿಂದಲೇ ಮಗಳಿಗೆ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಊರಿನ ವ್ಯವಹಾರದಲ್ಲಿ ಇದಕ್ಕೆ ಪ್ರತಿಯಾಗಿ ಬೆಳೆದದ್ದು ಹಕ್ಕುಬಿಡುಗಡೆ ಪತ್ರ. ಅಣ್ಣತಮ್ಮಂದಿರು ಕರೆಯುತ್ತಾರೆ, ಸೀರೆ ಉಡಿಸುತ್ತಾರೆ, ಅಕ್ಕತಂಗಿಯರು ರುಜು ಹಾಕುತ್ತಾರೆ. ಪಂಚಮಿಯ ಕರೆ ನಿಂತೀತೆಂಬ ಭಯ ಆ ರುಜುವಿನ ಹಿಂದಿರುತ್ತದೆಯೆಂಬುದನ್ನು ನೋಂದಣಿ ಕಚೇರಿಯ ದಾಖಲೆ ಹೇಳುವುದಿಲ್ಲ, ಹಾಡುಗಳು ಹೇಳುತ್ತವೆ.

ವಾಡೆಯೊಂದು ಮನೆತನದ ಕೈಯಿಂದ ಸಾರ್ವಜನಿಕರ ಕೈಗೆ ಹೋದ ನಿದರ್ಶನ ನೆರೆಯಲ್ಲೇ ಇದೆ. ನವಲಗುಂದ–ಶಿರಸಂಗಿ ಸಂಸ್ಥಾನದ ಲಿಂಗರಾಜ ದೇಸಾಯಿಯವರು (1861–1906) ದತ್ತಕರಾಗಿ ಬಂದು, ವ್ಯಾಜ್ಯಗಳ ನಡುವೆ ಆಸ್ತಿಯನ್ನು ಉಳಿಸಿಕೊಂಡು, ಸಂತಾನವಿಲ್ಲದಿದ್ದಾಗ ಮತ್ತೊಬ್ಬನನ್ನು ದತ್ತಕ ಪಡೆಯುವ ಬದಲು ಮೃತ್ಯುಪತ್ರದ ಮೂಲಕ ಎಲ್ಲವನ್ನೂ ವೀರಶೈವ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಬಿಟ್ಟರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಒಬ್ಬ ಒಡೆಯನ ಒಂದು ನಿರ್ಧಾರ ಅಲ್ಲಿ ಅಂಕಣಗಳ ಎಣಿಕೆಯನ್ನು ನಿಲ್ಲಿಸಿತು. ಕುಂದಗೋಳದಲ್ಲಿ ಹಾಗಾಗಲಿಲ್ಲ; ಆಗಬೇಕಿತ್ತೆನ್ನುವುದೂ ನ್ಯಾಯವಲ್ಲ. ಮನೆಯೊಳಗೆ ಜನ ಬಾಳಿದ್ದಾರೆ, ಹಬ್ಬ ಮಾಡಿದ್ದಾರೆ. ಅದು ಬರಿಯ ಸ್ಮಾರಕವಲ್ಲ.

ಆದರೂ ಪ್ರಶ್ನೆ ಉಳಿಯುತ್ತದೆ. ಕರ್ನಾಟಕದ 1961ರ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯಿದೆ ಗುಡಿ, ಕೋಟೆ, ಶಾಸನಗಳನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡದ್ದು. ಕುಂದಗೋಳದಲ್ಲೇ ಇರುವ ಚಾಲುಕ್ಯ ಕಾಲದ ಶಂಭುಲಿಂಗ ದೇವಾಲಯದಂಥದಕ್ಕೆ 'ಸಂರಕ್ಷಿತ' ಎಂಬ ಮಾತು ಸಲೀಸಾಗಿ ಹೊಂದುತ್ತದೆ. ಒಲೆ ಉರಿಯುವ ಮನೆಗೆ ಅದನ್ನು ಹೊಂದಿಸುವುದು ಕಷ್ಟ. ಸಂರಕ್ಷಣೆಯೆಂದರೆ ಗೋಡೆಗೆ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕೆಂಬ ಭಯ ಒಡೆಯರಿಗೆ; ಖಾಸಗಿ ಮನೆಗೆ ಸರಕಾರದ ಹಣ ಹೇಗೆ ಎಂಬ ಆಕ್ಷೇಪ ದಫ್ತರಕ್ಕೆ. ಈ ನಡುವೆ ವಾಡೆಯ ಖರ್ಚನ್ನು ಹೊರುವವರು ಉತಾರದಲ್ಲಿ ಹೆಸರಿರುವವರು, ಅದರ ನೆನಪನ್ನು ಅನುಭವಿಸುವವರು ಎಲ್ಲ ಕೇಳುಗರು. ಹಳೆಯ ಆಯದ ಪದ್ಧತಿಯಲ್ಲಿ ಮನೆಯಿಂದ ಪಡೆಯುವವನು ಮನೆಗೆ ದುಡಿಯುತ್ತಿದ್ದನು; ಅದರಲ್ಲಿನ ಜಾತಿಯ ಕಟ್ಟನ್ನು ಬಿಟ್ಟು ಆ ಕೊಡುಕೊಳೆಯ ತತ್ತ್ವವನ್ನಷ್ಟೇ ಉಳಿಸಿಕೊಳ್ಳುವ ಏರ್ಪಾಡು, ಉದಾಹರಣೆಗೆ ಒಡೆತನವನ್ನು ಮನೆತನದಲ್ಲೇ ಬಿಟ್ಟು ಮಾಳಿಗೆ, ತೊಲೆ, ಕಂಬಗಳ ದುರಸ್ತಿಗೆ ಮಾತ್ರ ಸಾರ್ವಜನಿಕ ನಿಧಿಯನ್ನು ಒದಗಿಸುವ ಒಪ್ಪಂದ, ಕಾನೂನಿಗೆ ಅಸಾಧ್ಯವಾದುದೇನಲ್ಲ. ಅಂಥ ಒಪ್ಪಂದವಾಗುವುದಾದರೆ ಅದರ ಕೆಳಗೆ ಬೀಳಬೇಕಾದ ರುಜುಗಳಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳವೂ ಇರಬೇಕಾಗುತ್ತದೆ. 2005ರ ನಂತರದ ಕಾನೂನಿನಂತೆ ಮಾಳಿಗೆ ಅವರದೂ ಹೌದು.